ನೀರು ಬರದಿದ್ದರೂ ಕೂಗುತ್ತಿದ್ದ ಲೀಕ್ ಅಲಾರ್ಮ್: ನಾನು ಕಾರಣ ಹುಡುಕಿದ್ದು ಹೀಗೆ

ಕ್ಯಾಮೆರಾವನ್ನು ನೀರಿನಡಿ ಒಯ್ಯಲು ಹಾಕುವ, ನೀರು ನುಗ್ಗದ ಪೆಟ್ಟಿಗೆಯೇ ಹೌಸಿಂಗ್; ಅದರೊಳಗೆ ನೀರು ಬಂದರೆ ಎಚ್ಚರಿಸುವುದು ಲೀಕ್ ಅಲಾರ್ಮ್. ನನ್ನ ಕ್ಯಾಮೆರಾ ಹೌಸಿಂಗ್‌ನ ಲೀಕ್ ಅಲಾರ್ಮ್ ನೀರಿಗೆ ಇಳಿದ ಕೂಡಲೇ ಕೂಗುತ್ತಿರಲಿಲ್ಲ. ಆಳಕ್ಕೆ ಹೋದ ಕೂಡಲೇ ಕೂಗುತ್ತಿತ್ತು ಅಂತಲೂ ಇಲ್ಲ. ಡೈವ್ ಅರ್ಧ ಮುಗಿದು, ಆರಾಮಾಗಿ ಫೋಟೋ ತೆಗೆಯುತ್ತಿರುವಾಗ ಕೆಂಪು ಎಲ್‌ಇಡಿ ಮಿಣುಕುತ್ತಿತ್ತು, ಬಜರ್ ಬಡಿದುಕೊಳ್ಳುತ್ತಿತ್ತು. ಮೇಲೆ ಬಂದು, ಹೊರಗೆಲ್ಲ ಒರೆಸಿ, ತೆರೆದು ನೋಡಿದರೆ ಒಳಗೆ ಇಟ್ಟ ಟಿಶ್ಯೂ ಗರಿಗರಿಯಾಗಿ ಒಣಗಿರುತ್ತಿತ್ತು.

ಹೀಗಾದಾಗ ಅಲಾರ್ಮ್‌ನ ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟು ಡೈವ್ ಮುಂದುವರಿಸುವವರು ತುಂಬಾ ಜನ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಸುಳ್ಳು ಕೂಗಿಗೆ ಕಿವಿ ಒಗ್ಗಿಬಿಟ್ಟರೆ, ನಿಜವಾಗಿ ನೀರು ನುಗ್ಗಿದ ದಿನವೂ "ಇದರದ್ದು ಇದ್ದದ್ದೇ" ಅಂತ ಇನ್ನೂ ಹತ್ತು ನಿಮಿಷ ಕೆಳಗೇ ಇರುತ್ತೇವೆ. ಕ್ಯಾಮೆರಾ ಹೋಗುವುದು ಆ ಹತ್ತು ನಿಮಿಷದಲ್ಲಿ. ಹಾಗಾಗಿ ಕಾರಣ ಗೊತ್ತಾಗುವ ತನಕ ನನ್ನ ಪಾಲಿಗೆ ಪ್ರತಿ ಕೂಗೂ ನಿಜವಾದ ಲೀಕೇ. ಕೂಗಿದ ಕೂಡಲೇ ಲೆನ್ಸ್ ಪೋರ್ಟ್ (ಲೆನ್ಸ್ ಮುಂದಿನ ಪಾರದರ್ಶಕ ಭಾಗ) ಕೆಳಮುಖ ಮಾಡಿ ಹಿಡಿಯುತ್ತೇನೆ. ನೀರು ಬಂದಿದ್ದರೂ ಮೊದಲು ಪೋರ್ಟ್‌ನ ಬಟ್ಟಲಲ್ಲಿ ಸೇರಲಿ, ಕ್ಯಾಮೆರಾ ಬಾಡಿಗೆ ತಾಗುವುದು ತಡವಾಗಲಿ ಅಂತ. ಆಮೇಲೆ ಮಾಮೂಲಿ ವೇಗದಲ್ಲೇ, ಅಂದರೆ ನಿಮಿಷಕ್ಕೆ 9 ಮೀಟರ್ ಮೀರದಂತೆ, ಸೇಫ್ಟಿ ಸ್ಟಾಪ್ (ಮೇಲೆ ಬರುವ ಮುನ್ನ ಕಡಿಮೆ ಆಳದಲ್ಲಿ ಕೆಲವು ನಿಮಿಷ ನಿಲ್ಲುವುದು) ಬಿಡದೆ ಮೇಲೆ ಬರುವುದು. ಕ್ಯಾಮೆರಾ ಉಳಿಸೋಕೆ ಅಂತ ಯಾರೂ ಬುರ್ರನೆ ಮೇಲೆ ಬರಬಾರದು. ಇದನ್ನು ಎಷ್ಟು ಸಲ ಹೇಳಿದರೂ ಜಾಸ್ತಿಯಾಗಲ್ಲ.

ಹುಡುಕಾಟದ ಮೊದಲ ಪ್ರಶ್ನೆ ಒಂದೇ. ನೀರು ನಿಜವಾಗಿ ಬರುತ್ತಿದೆಯಾ ಇಲ್ಲವಾ? ಇದು ತೀರ್ಮಾನ ಆಗದೆ ಎಲೆಕ್ಟ್ರಾನಿಕ್ಸ್ ಮುಟ್ಟಬಾರದು.

ಕ್ಯಾಮೆರಾ ಹೊರಗಿಟ್ಟು, ಹೌಸಿಂಗ್ ಒಳಗೆ ಎಲ್ಲ ಮೂಲೆಗೂ ಒಣ ಟಿಶ್ಯೂ ಹಾಸಿ, ಮುಚ್ಚಿ, ತೊಟ್ಟಿಯಲ್ಲಿ ಮುಳುಗಿಸಿಟ್ಟೆ. ಕ್ಯಾಮೆರಾ ಇಲ್ಲದ ಹೌಸಿಂಗ್ ತೇಲುತ್ತದೆ, ಒಳಗೊಂದು ಭಾರ ಇಡಬೇಕು. ಮುಳುಗಿದ್ದಾಗಲೇ ಎಲ್ಲ ಬಟನ್ ಒತ್ತಿದೆ, ಎಲ್ಲ ಡಯಲ್ ತಿರುಗಿಸಿದೆ. ಮುಖ್ಯ ಓ-ರಿಂಗ್ (ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ) ಒಂದನ್ನೇ ನೋಡಿ ಸುಮ್ಮನಾಗುವವರು ಮರೆಯುವುದು ಇದನ್ನೇ: ಪ್ರತಿ ಬಟನ್‌ನ ಕಡ್ಡಿಗೂ ಒಂದು ಪುಟ್ಟ ಓ-ರಿಂಗ್ ಇರುತ್ತದೆ. ಇನ್ನೊಂದು ವಿಷಯ, ಕಡಿಮೆ ಆಳ ಅಂದರೆ ಕಡಿಮೆ ಅಪಾಯ ಅಲ್ಲ. 10 ಮೀಟರ್ ಇಳಿದರೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಆ ಒತ್ತಡವೇ ಓ-ರಿಂಗನ್ನು ಅದರ ಜಾಗಕ್ಕೆ ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಕೂದಲೋ ಮರಳಿನ ಕಣವೋ ಸಿಕ್ಕಿಕೊಂಡ ಓ-ರಿಂಗ್ ತೊಟ್ಟಿಯಲ್ಲೇ ಸೋರುವುದು ಜಾಸ್ತಿ. ತೊಟ್ಟಿಯಲ್ಲಿ ಪಾಸಾದ ಮೇಲೆ, ಖಾಲಿ ಹೌಸಿಂಗನ್ನೇ ಒಂದು ಡೈವ್‌ಗೂ ಒಯ್ದೆ. ಟಿಶ್ಯೂ ಒಣಗಿಯೇ ಇತ್ತು. ಓ-ರಿಂಗ್‌ಗಳ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಈಗ ಅಲಾರ್ಮ್ ಕೆಲಸ ಮಾಡುವ ರೀತಿ. ಹೌಸಿಂಗ್ ತಳದಲ್ಲಿ ಎರಡು ಲೋಹದ ಪಟ್ಟಿ ಹತ್ತಿರ ಹತ್ತಿರ ಇರುತ್ತವೆ, ಒಂದಕ್ಕೊಂದು ತಾಗುವುದಿಲ್ಲ. ನಡುವೆ ನೀರು ಬಂದರೆ ಸಣ್ಣ ಕರೆಂಟ್ ಹರಿಯುತ್ತದೆ, ಸರ್ಕ್ಯೂಟ್ ಅದನ್ನು ಹಿಡಿದು ಬಜರ್ ಕೂಗಿಸುತ್ತದೆ. ಅಷ್ಟೇ. ಅದಕ್ಕೆ ನೀರು ಅಂದರೇನು ಅಂತ ಗೊತ್ತಿಲ್ಲ, ಪಟ್ಟಿಗಳ ನಡುವಿನ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ತಡೆ) ಇಳಿಯಿತಾ ಅನ್ನುವುದು ಮಾತ್ರ ಗೊತ್ತು. ಹಾಗಾದರೆ ನೀರಿಲ್ಲದೆ ರೆಸಿಸ್ಟೆನ್ಸ್ ಇಳಿಸುವುದು ಏನೇನು ಅಂತ ಹುಡುಕಬೇಕು.

ಅದಕ್ಕೂ ಮುಂಚೆ ವ್ಯಾಕ್ಯೂಮ್ ಇರುವ, ಅಂದರೆ ಸೋರಿಕೆ ಪತ್ತೆಗೆ ಒಳಗಿನ ಗಾಳಿ ಸ್ವಲ್ಪ ಎಳೆದು ತೆಗೆಯುವ, ಹೌಸಿಂಗ್ ನಿಮ್ಮದಾದರೆ ಒಂದು ಮಾತು. ಇವುಗಳಲ್ಲಿ ಎಷ್ಟೋ ಸಲ ಒಂದೇ ಎಲ್‌ಇಡಿ ಎರಡು ಕೆಲಸ ಮಾಡುತ್ತದೆ. ನೀರು ಬಂದರೂ ಕೆಂಪು, ಒಳಗಿನ ಒತ್ತಡ ಏರಿದರೂ ಕೆಂಪು, ಮಿಣುಕುವ ರೀತಿ ಮಾತ್ರ ಬೇರೆ. ಒತ್ತಡ ಏರೋಕೆ ಸೋರಿಕೆಯೇ ಬೇಕಂತಿಲ್ಲ. 20 ಡಿಗ್ರಿಯ ಎಸಿ ರೂಮಿನಲ್ಲಿ ಗಾಳಿ ಎಳೆದು ಒಳಗೆ 800 ಮಿಲಿಬಾರ್‌ಗೆ ಇಳಿಸಿದ್ದೀರಿ ಅನ್ನಿ. ಅದೇ ಹೌಸಿಂಗ್ ಬಿಸಿಲಿಗೆ ಕಾದು ಒಳಗಿನ ಗಾಳಿ 40 ಡಿಗ್ರಿ ಆದರೆ ಒತ್ತಡ ತಾನಾಗಿಯೇ ಸುಮಾರು 855ಕ್ಕೆ ಏರುತ್ತದೆ. ಒಂದು ಹನಿ ನೀರೂ ಬರದೆ, ಒಂದು ಗುಟುಕು ಗಾಳಿಯೂ ಬರದೆ ಅಲಾರ್ಮ್ ಬರಬಹುದು. ಆದರೆ ನನ್ನದು ನೀರಿನಲ್ಲಿ ತಣ್ಣಗಾದ ಮೇಲೆ ಕೂಗುತ್ತಿತ್ತು. ತಣ್ಣಗಾದರೆ ಒತ್ತಡ ಇಳಿಯಬೇಕು ಅಲ್ವಾ? ಹಾಗಾಗಿ ಈ ದಾರಿ ಬಿಟ್ಟೆ.

ಬ್ಯಾಟರಿ ಮುಂದಿನದು. ಸಿಆರ್2032 ತರದ ನಾಣ್ಯದಾಕಾರದ ಸೆಲ್ ಮೋಸ ಮಾಡುವ ರೀತಿ ತಿಳಿದಿರಬೇಕು. ಸುಮ್ನೆ ಮೀಟರ್ ಹಿಡಿದರೆ ಸಾಯುವ ಹೊತ್ತಿನ ತನಕ 3 ವೋಲ್ಟ್ ಆಸುಪಾಸು ತೋರಿಸುತ್ತದೆ. ಬಜರ್ ಕೂಗುವಾಗ ಅಳೆದರೆ ಅದರ ನಿಜವಾದ ಸ್ಥಿತಿ ಕಾಣುತ್ತದೆ, ಹಳೆಯ ಸೆಲ್ ಆಗ ದೊಪ್ಪನೆ ಕುಸಿಯುತ್ತದೆ. ತಣ್ಣೀರಿನಲ್ಲಿ ಇನ್ನೂ ಜಾಸ್ತಿ. ಸೆಲ್ ಸಾಯುತ್ತಿದ್ದರೆ ಚಿಪ್ ನಿಂತು ನಿಂತು ಶುರುವಾಗಿ, ಅಲ್ಲೊಂದು ಇಲ್ಲೊಂದು ಚಿಕ್ಕ ಬೀಪ್ ಬರಬಹುದು. ಹೊಸ ಸೆಲ್ ಹಾಕಿದೆ, ಹೋಲ್ಡರ್‌ನ ಸ್ಪ್ರಿಂಗ್ ಒರೆಸಿದೆ. ತೊಂದರೆ ಹಾಗೆಯೇ ಇತ್ತು.

ಹಾಗಾದರೆ ಕೆಟ್ಟದ್ದು ಬೋರ್ಡಾ (ಸರ್ಕ್ಯೂಟ್ ಇರುವ ಹಲಗೆ), ಸೆನ್ಸರಾ (ತಳದ ಆ ಎರಡು ಪಟ್ಟಿ)? ಇದನ್ನು ತಿಳಿಯಲು ಡೈವ್‌ಗೆ ಹೋಗಬೇಕಿಲ್ಲ, ತೊಂದರೆಯನ್ನು ಮೇಜಿನ ಮೇಲೆ ಮಾಡಿ ತೋರಿಸಿದರೆ ಸಾಕು. ಮನೆಯಲ್ಲೇ ಕೂಗಿಸಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ತೇವದ ಗಾಳಿಯಲ್ಲಿ ಹೌಸಿಂಗ್ ಮುಚ್ಚಿ, ಐಸ್ ಹಾಕಿದ ಬಕೆಟ್‌ನಲ್ಲಿ ಇಟ್ಟೆ. ಸ್ವಲ್ಪ ಹೊತ್ತಿಗೆ ಕೂಗಿತು! ತೆರೆದರೆ ಒಳಗೆ ಹನಿ ಇಲ್ಲ, ಗಾಜಿನ ಮೇಲೆ ತೆಳ್ಳನೆಯ ಮಂಜು ಮಾತ್ರ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಅದೇ ಪರೀಕ್ಷೆ ಮತ್ತೆ ಮಾಡಿದೆ. ಸದ್ದಿಲ್ಲ. ಅಂದರೆ ಬೋರ್ಡ್ ಸರಿಯಿದೆ, ತೊಂದರೆ ಸೆನ್ಸರ್‌ನಲ್ಲೋ ಅದರ ವೈರಿನಲ್ಲೋ ಇದೆ. ಸೆನ್ಸರ್ ಮತ್ತೆ ಜೋಡಿಸಿ, ಒಳಗೆ ಒಣ ಸಿಲಿಕಾ ಜೆಲ್ ಚೀಲ (ತೇವ ಹೀರುವ ಹರಳಿನ ಪೊಟ್ಟಣ) ಇಟ್ಟು ನೋಡಿದೆ. ಆಗಲೂ ಸದ್ದಿಲ್ಲ. ಸೆನ್ಸರ್ ತೇವಕ್ಕೆ ಕೂಗುತ್ತಿದೆ ಅನ್ನುವುದು ಖಚಿತ ಆಯಿತು.

ಆದರೆ ಅಷ್ಟು ಸಣ್ಣ ಮಂಜಿಗೆ ಯಾವ ಅಲಾರ್ಮೂ ಕೂಗಬಾರದು. ಲೆಕ್ಕ ಹಾಕಿ ನೋಡಿ. 30 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯಲ್ಲಿ, ಒಂದು ಘನ ಮೀಟರ್‌ಗೆ ಸುಮಾರು 30 ಗ್ರಾಂ ನೀರಿನ ಆವಿ ಇರುತ್ತದೆ. ಹೌಸಿಂಗ್‌ನಲ್ಲಿ 3 ಲೀಟರ್ ಗಾಳಿ ಅಂದರೆ 0.09 ಗ್ರಾಂ, ಹೆಚ್ಚು ಕಡಿಮೆ ಎರಡು ಹನಿ. ಅದೂ ಪೂರ್ತಿ ಇಳಿಯುವುದಿಲ್ಲ, 20 ಡಿಗ್ರಿಗೆ ತಣ್ಣಗಾದರೆ ಅರ್ಧಕ್ಕಿಂತ ಕಡಿಮೆ ಮಂಜಾಗುತ್ತದೆ. ಈ ಲೆಕ್ಕ ಇನ್ನೊಂದು ಕಡೆಯಿಂದಲೂ ಉಪಯೋಗಕ್ಕೆ ಬರುತ್ತದೆ: ಹೌಸಿಂಗ್ ಒಳಗೆ ಚಮಚದಷ್ಟು ನೀರು ಕಂಡರೆ "ಅದು ಬರೀ ಮಂಜು" ಅನ್ನುವ ಮಾತನ್ನು ನಂಬಬೇಡಿ, ಮಂಜಿನಿಂದ ಅಷ್ಟು ನೀರು ಬರಲು ಸಾಧ್ಯವೇ ಇಲ್ಲ. ಅನುಮಾನ ಇದ್ದರೆ ನಾಲಿಗೆ ತುದಿಗೆ ಮುಟ್ಟಿಸಿ. ಮಂಜಿನ ನೀರಿಗೆ ರುಚಿ ಇಲ್ಲ, ಸಮುದ್ರದ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪಿದೆ.

ಉತ್ತರ ಇದ್ದದ್ದೂ ಉಪ್ಪಿನಲ್ಲೇ. ಸೆನ್ಸರ್ ಕಳಚಿ, ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿದಾಗ ಎರಡು ಪಟ್ಟಿಗಳ ನಡುವೆ ಬಿಳಿ ಪೊರೆ ಕಾಣಿಸಿತು. ಒಂದು ತುದಿಯಲ್ಲಿ ತಾಮ್ರ ಹಸಿರಾಗಿತ್ತು. ಇದಕ್ಕೆ ಹೌಸಿಂಗ್ ಸೋರಬೇಕಂತಿಲ್ಲ. ಎರಡು ಡೈವ್‌ಗಳ ನಡುವೆ ತೆರೆಯುವಾಗ ಮುಚ್ಚಳದ ಸಂದಿಯಲ್ಲಿ ನಿಂತ ನೀರು, ತೋಳಿನಿಂದ ಇಳಿಯುವ ನೀರು, ಒಂದೆರಡು ಹನಿ ಒಳಗೆ ಬೀಳುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಸೆನ್ಸರ್ ಇರುವುದೇ ತಳದಲ್ಲಿ, ಬಿದ್ದದ್ದೆಲ್ಲ ಸೇರುವುದೂ ಅಲ್ಲೇ.

ಒಣಗಿದ ಉಪ್ಪು ಕರೆಂಟ್ ಹರಿಸುವುದಿಲ್ಲ. ಮನೆಯಲ್ಲಿ ತೆರೆದು ನೋಡಿದಾಗೆಲ್ಲ ಎಲ್ಲ ಸರಿ ಕಾಣುವುದು ಅದಕ್ಕೇ. ಆದರೆ ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತೇವ ಹೀರಿ ತಾನೇ ನೀರಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ ಕ್ಲೋರೈಡ್ ಕೂಡ ಇದೆ, ಅದಕ್ಕೆ ಶೇ. 33 ಸಾಕು. ಮುಚ್ಚಿದ ಹೌಸಿಂಗ್ ನೀರಿನಲ್ಲಿ ನಿಧಾನವಾಗಿ ತಣ್ಣಗಾಗುತ್ತಾ ಹೋದ ಹಾಗೆ ಒಳಗಿನ ತೇವಾಂಶ ಏರುತ್ತದೆ, ಉಪ್ಪು ಒದ್ದೆಯಾಗುತ್ತದೆ, ಪಟ್ಟಿಗಳ ನಡುವೆ ದಾರಿ ಬೀಳುತ್ತದೆ. ಡೈವ್ ಅರ್ಧ ಆದ ಮೇಲೇ ಯಾಕೆ ಕೂಗುತ್ತಿತ್ತು ಅನ್ನುವುದು ಆಗ ಅರ್ಥ ಆಯಿತು.

ಮಲ್ಟಿಮೀಟರ್‌ನಲ್ಲೂ ನೋಡಿದೆ. ಸೆನ್ಸರನ್ನು ಬೋರ್ಡ್‌ನಿಂದ ಬಿಚ್ಚಿಯೇ ಅಳೆಯಬೇಕು, ಇಲ್ಲದಿದ್ದರೆ ಬೋರ್ಡ್‌ನ ರೆಸಿಸ್ಟರ್‌ಗಳೂ ಲೆಕ್ಕಕ್ಕೆ ಬರುತ್ತವೆ. ಒಣಗಿದ್ದಾಗ ಮೀಟರ್ ಅಳೆಯಲಾರದಷ್ಟು ಜಾಸ್ತಿ ಇರಬೇಕು. ನನ್ನದು ಕೆಲವು ಮೆಗಾಓಮ್ ತೋರಿಸಿತು. ಬಾಯಿಂದ ಬಿಸಿ ಉಸಿರು ಬಿಟ್ಟ ಕೂಡಲೇ ನೂರಾರು ಕಿಲೋಓಮ್‌ಗೆ ಬಿದ್ದು ಅಲ್ಲೇ ಕೂತಿತು. ಈ ಉಸಿರಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಮೀಟರ್ ಒಂದಿದ್ದರೆ ಸಾಕು, ಸ್ಪಷ್ಟ ಉತ್ತರ ಸಿಗುತ್ತದೆ.

ಶುಚಿ ಮಾಡುವಾಗ ಕ್ರಮ ಮುಖ್ಯ. ಉಪ್ಪು ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಮೊದಲು ಡಿಸ್ಟಿಲ್ಡ್ ನೀರು ಮತ್ತು ಮೆತ್ತನೆಯ ಬ್ರಷ್, ನೀರು ಬದಲಿಸಿ ಬದಲಿಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ಉಳಿದ ನೀರು ಎಳೆದುಕೊಂಡು ಬೇಗ ಆರಲಿ ಅಂತ. ಇದನ್ನು ಹೌಸಿಂಗ್‌ನಿಂದ ದೂರ ಇಟ್ಟು ಮಾಡಿ. ಆಲ್ಕೋಹಾಲ್ ಪೋರ್ಟ್‌ನ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಡೋಮ್‌ಗೆ ತಾಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಹಸಿರಾದ ತುದಿಯನ್ನು ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಮತ್ತೆ ತೊಳೆದೆ. ವೈರನ್ನು ಉದ್ದಕ್ಕೂ ಬೆರಳಾಡಿಸಿ ನೋಡಿದೆ, ಕ್ಯಾಮೆರಾ ಟ್ರೇ ಕೆಳಗೆ ಸಿಕ್ಕಿ ಜಜ್ಜಿದ್ದರೆ ಅಲ್ಲೂ ಇದೇ ತೊಂದರೆ ಬರುತ್ತದೆ. ಪೂರ್ತಿ ಆರಿದ ಮೇಲೆ ಮೀಟರ್ ಏನೂ ತೋರಿಸಲಿಲ್ಲ. ಉಸಿರು ಬಿಟ್ಟರೂ ಒಂದು ಕ್ಷಣ ಅಲುಗಿ ವಾಪಸ್ ಹೋಯಿತು. ಐಸ್ ಬಕೆಟ್‌ನಲ್ಲಿ ಸಿಲಿಕಾ ಜೆಲ್ ಇಲ್ಲದೆಯೇ ಇಟ್ಟೆ. ಕೂಗಲಿಲ್ಲ.

ಸುಳ್ಳು ಕೂಗು ನಿಂತಿತು ಅಂದರೆ ಅಲಾರ್ಮ್ ಸರಿಯಾಯಿತು ಅಂತ ಅಲ್ಲ, ನಿಜ ಬಂದಾಗ ಕೂಗಬೇಕಲ್ಲ. ಉಪ್ಪು ನೀರಲ್ಲಿ ಅದ್ದಿದ ಟಿಶ್ಯೂ ತುಣುಕು ಪಟ್ಟಿಗಳ ಮೇಲಿಟ್ಟೆ, ತಕ್ಷಣ ಕೂಗಿತು. ನಲ್ಲಿ ನೀರಿಗೂ ಕೂಗಿತು. ಡಿಸ್ಟಿಲ್ಡ್ ನೀರಿನಿಂದ ಈ ಪರೀಕ್ಷೆ ಮಾಡಬೇಡಿ, ಅದರಲ್ಲಿ ಕರೆಂಟ್ ಹರಿಯುವುದೇ ಅಪರೂಪ, ಸರಿಯಿರುವ ಸೆನ್ಸರ್ ಕೂಡ ಕೆಟ್ಟ ಹಾಗೆ ಕಾಣುತ್ತದೆ. ಕೆರೆ, ನದಿಗಳಲ್ಲಿ ಡೈವ್ ಮಾಡುವವರು ಅದೇ ನೀರು ತಂದು ನೋಡುವುದು ಒಳ್ಳೆಯದು. ಪರೀಕ್ಷೆ ಮುಗಿದ ಮೇಲೆ ಮತ್ತೆ ತೊಳೆಯಬೇಕು, ಇಲ್ಲದಿದ್ದರೆ ಹೊಸ ಉಪ್ಪನ್ನು ನಾವೇ ಬಿಟ್ಟ ಹಾಗಾಗುತ್ತದೆ.

ಈಗ ಹೌಸಿಂಗ್ ತೆರೆಯುವ ಮುಂಚೆ ಸಂದಿಗೆ ಗಾಳಿ ಊದಿ ನೀರು ಹಾರಿಸುತ್ತೇನೆ, ಮುಚ್ಚಳ ಕೆಳಮುಖ ಹಿಡಿದು ತೆರೆಯುತ್ತೇನೆ. ಸಿಲಿಕಾ ಜೆಲ್ ಚೀಲ ಸೆನ್ಸರ್‌ನಿಂದ ದೂರ, ಅಂಟಿಸಿಯೇ ಇಡುತ್ತೇನೆ. ತೇವ ಹೀರಿದ ಚೀಲ ಜಾರಿ ಪಟ್ಟಿಗಳ ಮೇಲೆ ಕೂತರೆ ಅದೇ ಅಲಾರ್ಮ್ ಕೂಗಿಸಬಹುದು.

ನಿಮ್ಮದು ಸೆನ್ಸರ್ ಬಿಚ್ಚಿದ ಮೇಲೂ ಕೂಗುತ್ತಿದ್ದರೆ ಕಥೆ ಬೇರೆ. ಕನೆಕ್ಟರ್‌ನ ಪಿನ್‌ಗಳ ನಡುವೆ, ಬೋರ್ಡ್‌ನ ಬೆಸುಗೆಗಳ ಸುತ್ತ ಇದೇ ಬಿಳಿ ಪೊರೆ ಇದೆಯಾ ನೋಡಿ, ಬ್ಯಾಟರಿ ತೆಗೆದು ಇದೇ ಕ್ರಮದಲ್ಲಿ ತೊಳೆಯಿರಿ. ಸ್ಟ್ರೋಬ್ (ನೀರಿನಡಿ ಬಳಸುವ ಫ್ಲ್ಯಾಶ್) ಹೊಡೆದಾಗ ಮಾತ್ರ ಕೂಗಿದರೆ ಸೆನ್ಸರ್ ವೈರನ್ನು ಫ್ಲ್ಯಾಶ್ ವೈರಿನಿಂದ ದೂರ ಒಯ್ದು ನೋಡಿ. ಇಷ್ಟಕ್ಕೂ ಬಗ್ಗದಿದ್ದರೆ ಬೋರ್ಡ್ ಬದಲಿಸಿ, ಹೊಸದನ್ನೂ ಮೊದಲು ಐಸ್ ಬಕೆಟ್‌ನಲ್ಲಿ, ಆಮೇಲೆ ಒದ್ದೆ ಟಿಶ್ಯೂನಲ್ಲಿ ಪರೀಕ್ಷಿಸಿಯೇ ಕ್ಯಾಮೆರಾ ಒಳಗಿಡಿ.