"ಅಪ್ಪ, ನೀನು ಕಾರಿಂದ ಇಳೀಬೇಡ"

2023ರ ಆಗಸ್ಟ್‌ನಲ್ಲಿ ನಾವು ಮೈಸೂರು ಬಿಟ್ಟು ಐರ್ಲೆಂಡಿನ ಟಿಪ್ಪರೇರಿ ಕೌಂಟಿಗೆ ಬಂದೆವು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ. ನಾನು ಮನೆಯಿಂದಲೇ ಕೆಲಸ ಮಾಡುವವನು. ಮಗನಿಗೆ ಆಗ ಹದಿಮೂರೂವರೆ ವರ್ಷ. ಬಾಡಿಗೆ ಮನೆ ಸಿಕ್ಕಿದ್ದು ಊರಿನಿಂದ ಆರು ಕಿಲೋಮೀಟರ್ ಆಚೆ. ಸುತ್ತಲೂ ಹುಲ್ಲುಗಾವಲು, ಹಸುಗಳು. ಪಕ್ಕದ ಮನೆ ಅಂದರೆ ಅರ್ಧ ಕಿಲೋಮೀಟರ್ ನಡೆಯಬೇಕು. ಫುಟ್‌ಪಾತ್ ಇಲ್ಲ, ಬೀದಿದೀಪ ಇಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ.

ಮೈಸೂರಲ್ಲಿ ಐದು ಗಂಟೆಯಾದರೆ ಸಾಕು, ಕೆಳಗಿನಿಂದ ಯಾರಾದರೂ "ಬಾರೋ" ಎಂದು ಕೂಗುತ್ತಿದ್ದರು. ಇವನು ಅರ್ಧ ತಿಂದ ದೋಸೆ ಬಿಟ್ಟು ಓಡುತ್ತಿದ್ದ. ಇಲ್ಲಿ ಯಾರು ಕೂಗಬೇಕು?

ಮೊದಲ ಆರು ತಿಂಗಳು ನಾನು ಮಾಡಿದ್ದೆಲ್ಲ ತಪ್ಪೇ.

ದೊಡ್ಡ ತಪ್ಪು ಕಾರಿನದು. ಹೈಸ್ಕೂಲು 4.8 ಕಿಲೋಮೀಟರ್‌ಗಿಂತ ದೂರ ಇದ್ದರೆ ಆಗ ಇಲ್ಲಿ ಸರ್ಕಾರಿ ಸ್ಕೂಲ್ ಬಸ್ಸಿಗೆ ಅರ್ಜಿ ಹಾಕಬಹುದಿತ್ತು. ಆದರೆ ಅರ್ಜಿಯನ್ನು ಬೇಸಿಗೆಗೆ ಮುಂಚೆಯೇ ಹಾಕಿರಬೇಕಿತ್ತು. ನಾವು ಬಂದಿದ್ದು ಆಗಸ್ಟ್‌ನಲ್ಲಿ, ಸೀಟು ಇರಲಿಲ್ಲ. "ಹೋಗಲಿ ಬಿಡು, ನಾನೇ ಬಿಡ್ತೀನಿ" ಅಂದೆ. ದಿನಾ ಗೇಟಿನ ಮುಂದೆಯೇ ಇಳಿಸುತ್ತಿದ್ದೆ, ಗಂಟೆ ಹೊಡೆಯುವ ಹೊತ್ತಿಗೆ ಮತ್ತೆ ಗೇಟಿನ ಮುಂದೆ ಹಾಜರ್. ಮಗನಿಗೆ ಎಷ್ಟು ಅನುಕೂಲ ಮಾಡಿಕೊಟ್ಟಿದ್ದೀನಿ ಅಂತ ಒಳಗೊಳಗೇ ಹೆಮ್ಮೆ ಬೇರೆ. ಹಳ್ಳಿ ಮಕ್ಕಳ ಸ್ನೇಹವೆಲ್ಲ ಬಸ್ಸಲ್ಲೇ ಹುಟ್ಟುತ್ತೆ ಅನ್ನುವುದು ಗೊತ್ತಾದಾಗ ತಡವಾಗಿತ್ತು. ಬೆಳಿಗ್ಗೆ ಇಪ್ಪತ್ತೈದು ನಿಮಿಷ, ಸಂಜೆ ಇಪ್ಪತ್ತೈದು ನಿಮಿಷ. ಹೋಮ್‌ವರ್ಕ್ ಕಾಪಿ ಹೊಡೆಯುವುದು, ಜಗಳ, ರಾಜಿ, ಯಾರು ಯಾರನ್ನು ಇಷ್ಟಪಡುತ್ತಾರೆ ಅನ್ನೋ ಗುಸುಗುಸು, ಎಲ್ಲವೂ ಅಲ್ಲೇ. ನನ್ನ ಮಗ ಆ ಹೊತ್ತಲ್ಲಿ ನನ್ನ ಪಕ್ಕ ಕೂತು ಕಿಟಕಿ ನೋಡುತ್ತಿದ್ದ.

ಎರಡನೆಯ ತಪ್ಪು ಊಟದ್ದು. ಅವನ ಕ್ಲಾಸಿನ ನಾಲ್ಕು ಹುಡುಗರ ತಂದೆತಾಯಿಗೆ ನಾನೇ ಮೆಸೇಜ್ ಮಾಡಿ ಶನಿವಾರ ಊಟಕ್ಕೆ ಕರೆದೆ. ಪಲಾವ್, ಕೋಸಂಬರಿ, ಹೋಳಿಗೆ, ಎಲ್ಲ ಸೇರಿ ಒಂಬತ್ತು ಐಟಂ. ಮದುವೆ ಮನೆ ಥರ ನಾವಿಬ್ಬರೂ ನಿಂತು ಬಡಿಸಿದೆವು. ಹುಡುಗರು ತಲೆ ತಗ್ಗಿಸಿ ತಿಂದರು, "ಥ್ಯಾಂಕ್ಯೂ" ಎಂದರು, ಹೋದರು. ರಾತ್ರಿ ಮಗ ರೂಮಿನ ಬಾಗಿಲು ಹಾಕಿಕೊಂಡು ಒಳಗಿಂದಲೇ ಅಂದ: "ಇನ್ಮೇಲೆ ನನ್ನ ಫ್ರೆಂಡ್ಸ್‌ನ ನೀನು ಕರೀಬೇಡ. ಅವರು ಇನ್ನೂ ನನ್ನ ಫ್ರೆಂಡ್ಸೇ ಅಲ್ಲ."

ಡಬ್ಲಿನ್‌ನಲ್ಲಿ ಕನ್ನಡದವರು ಸೇರುವ ಹಬ್ಬಕ್ಕೂ ಎರಡು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ನನಗಂತೂ ಖುಷಿಯಾಯಿತು, ಬಾಯಿ ತುಂಬ ಕನ್ನಡ ಮಾತಾಡಿದೆ. ಅವನಿಗೆ ಅಲ್ಲಿ ಇಬ್ಬರು ಹುಡುಗರು ಸಿಕ್ಕಿದರು, ಒಳ್ಳೆಯವರೇ. ಆದರೆ ಮಂಗಳವಾರ ಸಂಜೆ ಬೋರಾದಾಗ ಡಬ್ಲಿನ್‌ನ ಗೆಳೆಯ ಏನು ಉಪಯೋಗಕ್ಕೆ ಬಂದಾನು?

ಜನವರಿಯಲ್ಲಿ ಬಸ್ಸಲ್ಲಿ ಒಂದು ಸೀಟು ಖಾಲಿಯಾಯಿತು. ಮೊದಲ ವಾರ ಡ್ರೈವರ್ ಹಿಂದೆಯೇ ಕೂರುತ್ತಿದ್ದ. ಮೂರನೇ ವಾರಕ್ಕೆ ಮಧ್ಯದವರೆಗೂ ಹೋಗಿದ್ದ. ಇದನ್ನು ನನಗೆ ಹೇಳಿದ್ದು ಅವನಲ್ಲ, ಸ್ಟಾಪಿನಲ್ಲಿ ಬಸ್ಸು ನಿಂತಾಗ ನಾನೇ ಅಡುಗೆಮನೆ ಕಿಟಕಿಯಿಂದ ಕದ್ದು ನೋಡುತ್ತಿದ್ದೆ.

ಅದೇ ಬಸ್ಸಿನ ಹುಡುಗನೊಬ್ಬ "ಹರ್ಲಿಂಗ್ ಆಡ್ತೀಯಾ?" ಎಂದು ಕೇಳಿದ. ಟಿಪ್ಪರೇರಿಯಲ್ಲಿ ಈ ಪ್ರಶ್ನೆಗೆ "ಏನದು" ಅನ್ನುವ ಹಾಗಿಲ್ಲ. ಈ ಆಟ ನೋಡಿಕೊಳ್ಳುವ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಸಂಸ್ಥೆ 1884ರಲ್ಲಿ ಹುಟ್ಟಿದ್ದೇ ಇದೇ ಕೌಂಟಿಯ ಥರ್ಲೆಸ್ ಊರಿನ ಒಂದು ಹೋಟೆಲಲ್ಲಿ. ಸಾಮಾನ್ಯವಾಗಿ ಒಂದೊಂದು ಚರ್ಚಿನ ವ್ಯಾಪ್ತಿಗೆ ಒಂದರಂತೆ ಕ್ಲಬ್ ಇರುತ್ತದೆ, ನೀವು ಇರುವ ಜಾಗವೇ ನಿಮ್ಮ ತಂಡ. ಎಷ್ಟೇ ದೊಡ್ಡ ಆಟಗಾರನಾದರೂ ಸಂಬಳ ಇಲ್ಲ. ಟೀವಿಯಲ್ಲಿ ಕಾಣುವವನು ನಾಳೆ ಶಾಲೆಯಲ್ಲಿ ಪಾಠ ಮಾಡುತ್ತಿರಬಹುದು.

ಒಂದು ತುದಿ ಅಗಲವಾಗಿರುವ ಆ್ಯಶ್ ಮರದ ಕೋಲು, ಸ್ಲಿಟರ್ ಅನ್ನುವ ಚರ್ಮದ ಚೆಂಡು, ತಂಡಕ್ಕೆ ಹದಿನೈದು ಜನ. ಚೆಂಡನ್ನು ಸ್ವಲ್ಪ ಮೇಲೆ ಎಸೆದು ಗಾಳಿಯಲ್ಲೇ ಬಾರಿಸುವುದನ್ನು ಕಂಡಾಗ ನನಗೆ ನೆನಪಾಗಿದ್ದು ನಮ್ಮೂರ ಚಿಣ್ಣಿದಾಂಡು. ಮಗ ಮೈಸೂರಲ್ಲಿ ಕ್ರಿಕೆಟ್ ಕ್ಯಾಂಪಿಗೆ ಹೋದವನು, ಸುಲಭ ಅಂದುಕೊಂಡ. ಆದರೆ ಬ್ಯಾಟಿಂಗ್‌ನಲ್ಲಿ ಬಲಗೈಯವನ ಬಲಗೈ ಕೆಳಗಿರುತ್ತದೆ. ಇಲ್ಲಿ ಬಲಗೈ ಮೇಲಿರಬೇಕು. ಏಳು ವರ್ಷದ ಅಭ್ಯಾಸ ಉಲ್ಟಾ. ಮೊದಲ ದಿನ ಚೆಂಡು ಸಿಕ್ಕಿದ್ದಕ್ಕಿಂತ ಗಾಳಿಗೆ ಬೀಸಿದ್ದೇ ಜಾಸ್ತಿ. ಕೋಚ್ ಒಂದೂ ಮಾತಾಡದೆ ಅವನ ಕೈಗಳನ್ನು ಹಿಡಿದು ಅದಲು ಬದಲು ಮಾಡಿದರು. ಐದು ನಿಮಿಷದಲ್ಲಿ ಅವು ಮತ್ತೆ ಹಳೆಯ ಜಾಗಕ್ಕೆ. ಮನೆಗೆ ಬಂದ ಮೇಲೆ ಗ್ಯಾರೇಜಿನ ಗೋಡೆಗೆ ಟಕ್, ಟಕ್, ಟಕ್. ಆ ಸದ್ದಿಗೆ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ಹೆಂಡತಿ ಬೈದಿದ್ದು ಅಷ್ಟಿಷ್ಟಲ್ಲ.

ಆ ಮೊದಲ ದಿನ ಗ್ರೌಂಡಿನ ಹತ್ತಿರ ನಾನು ಸೀಟ್ ಬೆಲ್ಟ್ ಬಿಚ್ಚುವುದನ್ನು ನೋಡಿ ಅವನು ಹೇಳಿದ್ದು: "ಅಪ್ಪ, ನೀನು ಕಾರಿಂದ ಇಳೀಬೇಡ." ಬೇಜಾರಾಯಿತು, ಆದರೂ ಇಳಿಯಲಿಲ್ಲ.

ಇಳಿಯದೆ ಇದ್ದಿದ್ದೇ ಒಳ್ಳೆಯದಾಯಿತು. ಹಳ್ಳಿಯಲ್ಲಿ ಮಕ್ಕಳನ್ನು ಕರೆದೊಯ್ಯುವವರ ಕೊರತೆ ಯಾವಾಗಲೂ ಇದ್ದೇ ಇರುತ್ತದೆ. ಒಬ್ಬ ತಾಯಿ ಹಸು ಕರು ಹಾಕುವ ಸೀಸನ್ ಅಂತ ಫೆಬ್ರವರಿಯಲ್ಲಿ ಒದ್ದಾಡುತ್ತಿದ್ದರು. "ನಿಮ್ಮ ಮಗನನ್ನು ನಾನು ಕರ್ಕೊಂಡು ಹೋಗ್ತೀನಿ" ಅಂದೆ. ಆಮೇಲೆ ಇನ್ನೊಬ್ಬ ಸೇರಿದ. ವಾರಕ್ಕೆ ಎರಡು ಸಂಜೆ ನನ್ನ ಕಾರಿನ ತುಂಬ ಕೆಸರು, ಹೆಲ್ಮೆಟ್, ಬೆವರಿನ ವಾಸನೆ. ನಾನು ಡ್ರೈವರ್ ಅಷ್ಟೇ. ಬಾಯಿ ಮುಚ್ಚಿಕೊಂಡು, ರೇಡಿಯೊ ಅವರಿಗೆ ಬಿಟ್ಟುಕೊಟ್ಟು, ರಸ್ತೆ ನೋಡಿಕೊಂಡು ಹೋಗುತ್ತಿದ್ದೆ. ಹಿಂದಿನ ಸೀಟಲ್ಲಿ ಮಗ ಬೇರೆಯೇ ಹುಡುಗ. ಮಾತಿನ ಧಾಟಿಯೇ ಬದಲು. ಮಧ್ಯೆ ಬಾಯಿ ಹಾಕಬೇಕು ಅನ್ನಿಸುತ್ತಿತ್ತು, ತಡೆದುಕೊಂಡೆ. ನನ್ನ ಇಷ್ಟು ವರ್ಷದ ಅಪ್ಪತನದಲ್ಲಿ ಇದರಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಇನ್ನೊಂದು ವಿಷಯ ಕಲಿಯಲು ಸಮಯ ಹಿಡಿಯಿತು. ಇಲ್ಲಿ ಹುಡುಗರು ಒಬ್ಬರ ಕಾಲು ಒಬ್ಬರು ಎಳೆಯುತ್ತಲೇ ಇರುತ್ತಾರೆ. ಸ್ಲ್ಯಾಗಿಂಗ್ ಅಂತ ಅದಕ್ಕೆ ಹೆಸರು. ನಯವಾಗಿ ಮಾತಾಡಿಸಿದರೆ ನೀವಿನ್ನೂ ಹೊರಗಿನವರು ಅಂತ ಅರ್ಥ. ಮಗ ಮೊದಮೊದಲು ಮುಖ ಊದಿಸಿಕೊಂಡು ಬರುತ್ತಿದ್ದ. ಆಗ ನಾವಿಬ್ಬರೂ ಕೂತು ಒಂದು ಲೆಕ್ಕ ಹಾಕಿಕೊಂಡೆವು. ನೀನು ಮಾಡಿದ್ದರ ಬಗ್ಗೆ ನಗುತ್ತಿದ್ದಾರೋ, ನೀನು ಏನಾಗಿದ್ದೀಯೋ ಅದರ ಬಗ್ಗೆಯೋ? ನೀನು ತಿರುಗಿಸಿ ಕೊಟ್ಟರೆ ಅವರೂ ನಗುತ್ತಾರೋ? ಚೆಂಡು ಬಿಟ್ಟಿದ್ದಕ್ಕೆ ಆಡಿಕೊಂಡರೆ ಅದು ಸ್ಲ್ಯಾಗಿಂಗ್. ಒಂದು ಸಲ ಒಬ್ಬ ಹುಡುಗ ಮೈಬಣ್ಣದ ಬಗ್ಗೆ ಅಂದ. ಅದು ಸ್ಲ್ಯಾಗಿಂಗ್ ಅಲ್ಲ. ಅವತ್ತು ಮಾತ್ರ ನಾನು ಕಾರಿಂದ ಇಳಿದು ಸೀದಾ ಅವನ ತರಗತಿ ನೋಡಿಕೊಳ್ಳುವ ಟೀಚರ್ ಹತ್ತಿರ ಹೋದೆ. ಮುಂಚೆಯೇ ಮಗನಿಗೆ ಹೇಳಿದ್ದೆ, ಒಪ್ಪಿದ್ದ. ಅದು ಮತ್ತೆ ಆಗಲಿಲ್ಲ.

ಫೋನಿನ ವಿಷಯದಲ್ಲಿ ನನ್ನ ಹಟ ಮುರಿಯಿತು. ಸ್ನ್ಯಾಪ್‌ಚಾಟ್ ಬೇಡವೇ ಬೇಡ ಅಂದಿದ್ದೆ. ಒಂದು ಭಾನುವಾರ ಆರು ಹುಡುಗರು ಸಿನಿಮಾಗೆ ಹೋದರು, ಇವನಿಗೆ ಗೊತ್ತೇ ಇಲ್ಲ. ಬೇಕೆಂದೇ ಬಿಟ್ಟಿದ್ದಲ್ಲ. ಪ್ಲ್ಯಾನ್ ಆಗಿದ್ದು ಅಲ್ಲಿ, ಅಷ್ಟೇ. ಊರೊಳಗಿನ ಹುಡುಗನಾದರೆ ರಸ್ತೆಯಲ್ಲಾದರೂ ಎದುರಾಗುತ್ತಿದ್ದ. ನಮ್ಮ ಮನೆ ಮುಂದೆ ಹಾದುಹೋಗುವುದು ಹಾಲಿನ ಟ್ಯಾಂಕರ್ ಒಂದೇ. ಲೊಕೇಶನ್ ಆಫ್, ಅಪರಿಚಿತರು ಬೇಡ, ರಾತ್ರಿ ಹತ್ತಕ್ಕೆ ಫೋನು ಅಡುಗೆಮನೆಯಲ್ಲಿ ಅನ್ನುವ ಷರತ್ತಿನ ಮೇಲೆ ಒಪ್ಪಿದೆ. ಹತ್ತು ಗಂಟೆಯ ಷರತ್ತು ಹತ್ತೂವರೆ ಆಗಿದೆ ಅನ್ನುವುದು ಬೇರೆ ಮಾತು.

2025ರ ಜುಲೈ 20, ಭಾನುವಾರ. ಹರ್ಲಿಂಗ್‌ನ ಆಲ್ ಐರ್ಲೆಂಡ್ ಫೈನಲ್, ಟಿಪ್ಪರೇರಿಗೂ ಕಾರ್ಕ್ ಕೌಂಟಿಗೂ. "ಎಲ್ಲರೂ ಒಬ್ಬ ಫ್ರೆಂಡ್ ಮನೇಲಿ ನೋಡ್ತಿದ್ದಾರೆ, ಬಿಡ್ತೀಯಾ?" ಅಂದ ಮಗ. ನೀಲಿ ಹಳದಿ ಜೆರ್ಸಿ ಹಾಕಿದ್ದ. ತಿರುವಿನಲ್ಲೇ ಇಳಿಸು ಅಂದ, ಮನೆ ಬಾಗಿಲವರೆಗೂ ಬೇಡವಂತೆ. ನಾವಿಬ್ಬರೂ ಮನೆಯಲ್ಲೇ ಟೀವಿ ಮುಂದೆ ಕೂತೆವು. ಅರ್ಧ ಆಟಕ್ಕೆ ಕಾರ್ಕ್ ಆರು ಪಾಯಿಂಟ್ ಮುಂದೆ. ಇವನ ಮುಖ ಹೇಗಾಗಿರಬಹುದು ಅಂತ ಹೆಂಡತಿ ಚಡಪಡಿಸಿದಳು. ಉಳಿದರ್ಧದಲ್ಲಿ ಕಾರ್ಕಿಗೆ ಸಿಕ್ಕಿದ್ದು ಬರೀ ಎರಡು ಪಾಯಿಂಟ್. ಹದಿನೈದು ಪಾಯಿಂಟ್ ಅಂತರದಲ್ಲಿ ಟಿಪ್ಪರೇರಿ ಗೆದ್ದಿತು. ದೂರದ ರಸ್ತೆಯಿಂದ ಕಾರುಗಳ ಹಾರನ್ ಕೇಳಿಸತೊಡಗಿತು, ನಡುವೆ ಒಂದು ಟ್ರ್ಯಾಕ್ಟರಿನದೂ.

ರಾತ್ರಿ ಹನ್ನೊಂದಕ್ಕೆ ಯಾರದೋ ಕಾರಿಂದ ಇಳಿದು ಬಂದ. ಗಂಟಲು ಕೂತುಹೋಗಿತ್ತು. "ಹೇಗಿತ್ತೋ?" ಅಂದೆ. "ಚೆನ್ನಾಗಿತ್ತು" ಅಂದ. ಫ್ರಿಜ್ ತೆಗೆದು ಮೊಸರನ್ನದ ಡಬ್ಬಿ ಎತ್ತಿಕೊಂಡು ಮೇಲೆ ಹೋದ.