ಕಚೇರಿಗೆ ಜನ ನುಗ್ಗಿ ಹೋದ ಮೇಲೆ ಕಂಪ್ಯೂಟರ್‌ಗಳಿಗೆ ಏನು ಮಾಡಬೇಕು?

2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ವಾಷಿಂಗ್ಟನ್‌ನ ಕ್ಯಾಪಿಟಲ್ ಕಟ್ಟಡಕ್ಕೆ, ಅಂದರೆ ಅಮೆರಿಕದ ಸಂಸತ್ ಭವನಕ್ಕೆ ನುಗ್ಗಿದರು. ಒಳಗಿದ್ದ ಸಿಬ್ಬಂದಿ ಎದ್ದೆವೋ ಬಿದ್ದೆವೋ ಎಂದು ಓಡಿದರು. ಅಂಥ ಹೊತ್ತಿನಲ್ಲಿ ಕಂಪ್ಯೂಟರ್ ಲಾಕ್ ಮಾಡಲು ಯಾರಿಗೆ ಪುರುಸೊತ್ತು? ಆಗಿನ ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರ ಕಚೇರಿಯಲ್ಲಿ ಇಮೇಲ್ ತೆರೆದೇ ಇದ್ದ ಕಂಪ್ಯೂಟರಿನ ಫೋಟೊ ಜಾಲತಾಣಗಳಲ್ಲಿ ಹರಿದಾಡಿತು. ಅಲ್ಲಿಂದ ಕಳುವಾದ ಲ್ಯಾಪ್‌ಟಾಪ್ ಬರೀ ಪ್ರೆಸೆಂಟೇಶನ್‌ಗೆ ಬಳಸುತ್ತಿದ್ದದ್ದು ಎಂದು ಅವರ ಕಡೆಯವರು ಹೇಳಿದರು. ಸೆನೆಟರ್ ಜೆಫ್ ಮರ್ಕ್ಲಿ ಅವರ ಕಚೇರಿಯಿಂದಲೂ ಒಂದು ಲ್ಯಾಪ್‌ಟಾಪ್ ಹೋಯಿತು.

ಎಲ್ಲರೂ ಮಾತಾಡಿದ್ದು ಹೋದ ಲ್ಯಾಪ್‌ಟಾಪ್‌ಗಳ ಬಗ್ಗೆ. ನನ್ನ ಪ್ರಕಾರ ತಲೆನೋವು ಜಾಸ್ತಿ ಇರುವುದು ಅಲ್ಲೇ ಉಳಿದ ಯಂತ್ರಗಳಲ್ಲಿ. ಹೋದದ್ದನ್ನು ಲೆಕ್ಕ ಹಾಕಬಹುದು. ಬಂದವರು ಏನಾದರೂ ಇಟ್ಟು ಹೋಗಿದ್ದರೆ?

ಹಾಗಾಗಿ ಮೊದಲ ಕೆಲಸ, ಏನನ್ನೂ ಮುಟ್ಟದಿರುವುದು. ಪ್ರತಿ ಮೇಜಿನ ಫೋಟೊ ತೆಗೆಯಿರಿ. ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ, ವೈಫೈ ನಿಲ್ಲಿಸಿ. ಆನ್ ಇದ್ದ ಕಂಪ್ಯೂಟರ್ ಆನ್ ಇರಲಿ, ಆಫ್ ಇದ್ದದ್ದನ್ನು ಆನ್ ಮಾಡಬೇಡಿ. ಮೆಮೊರಿಯಲ್ಲಿರುವ ಸುಳಿವು ಕರೆಂಟ್ ಹೋದರೆ ಅಳಿಸಿಹೋಗುತ್ತದೆ.

ಎರಡನೆಯದು ಪಾಸ್‌ವರ್ಡ್. ಬೇರೆ ಕಡೆಯ ಸುರಕ್ಷಿತ ಯಂತ್ರದಲ್ಲಿ ಕೂತು ಬದಲಾಯಿಸಿ. ಅಷ್ಟೇ ಸಾಲದು, ‘ಎಲ್ಲ ಸಾಧನಗಳಿಂದ ಲಾಗೌಟ್’ ಕೂಡ ಒತ್ತಬೇಕು. ಇಲ್ಲದಿದ್ದರೆ ಕಳುವಾದ ಲ್ಯಾಪ್‌ಟಾಪ್‌ನಲ್ಲಿ ಇಮೇಲ್ ತೆರೆದೇ ಇರಬಹುದು.

ಆಮೇಲೆ ಮೇಜಿನ ಕೆಳಗೆ ಬಗ್ಗಿ ನೋಡಿ. ಸುಮ್ನೆ ಹೇಳುತ್ತಿಲ್ಲ. ಕೀಬೋರ್ಡ್ ವೈರಿಗೂ ಸಿಪಿಯುಗೂ ನಡುವೆ ಹೆಬ್ಬೆರಳಿನ ತುದಿಯಷ್ಟು ಸಣ್ಣ ತುಂಡೊಂದು ಸಿಕ್ಕಿಸಿರಬಹುದು. ಅದು ಕೀಲಾಗರ್. ನೀವು ಒತ್ತುವ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳುತ್ತದೆ. ಅದು ಕಂಪ್ಯೂಟರ್ ಒಳಗಿನ ಪ್ರೋಗ್ರಾಂ ಅಲ್ಲ, ಹಾಗಾಗಿ ಆ್ಯಂಟಿವೈರಸ್ ಕಣ್ಣಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಗೋಡೆಯ ನೆಟ್‌ವರ್ಕ್ ಪೋರ್ಟ್‌ಗಳು, ಪ್ರಿಂಟರ್ ಹಿಂಭಾಗ, ಮೀಟಿಂಗ್ ರೂಮಿನ ಟಿವಿ ಹಿಂದೆ, ಎಲ್ಲ ಕಡೆ ಹುಡುಕಿ. ನೆಲದ ಮೇಲೆ ಪೆನ್‌ಡ್ರೈವ್ ಸಿಕ್ಕರೆ ‘ಯಾರದ್ದಿರಬಹುದು’ ಎಂದು ಚುಚ್ಚಿ ನೋಡಬೇಡಿ. ಕುತೂಹಲ ಎಲ್ಲರಿಗೂ ಇರುತ್ತದೆ, ಅಲ್ವಾ? ಇಟ್ಟವರು ನಂಬಿಕೊಂಡಿರುವುದೇ ಅದನ್ನು.

ಅನುಮಾನ ಬಂದ ಯಂತ್ರದಲ್ಲಿರುವುದನ್ನೆಲ್ಲ ತಜ್ಞರು ಪ್ರತಿ ಮಾಡಿಕೊಂಡ ಮೇಲೆ ಪೂರ್ತಿ ಅಳಿಸಿ ಹೊಸದಾಗಿ ಸಿಸ್ಟಂ ಹಾಕಿಸಿ. ತೀರಾ ಮುಖ್ಯ ಕೆಲಸದ್ದಾದರೆ ಯಂತ್ರವನ್ನೇ ಬದಲಿಸುವುದು ವಾಸಿ. ‘ಬೇಗ ಶುರು ಮಾಡಿ’ ಎಂಬ ಒತ್ತಡ ಬಂದೇ ಬರುತ್ತದೆ. ಕ್ಯಾಪಿಟಲ್‌ನಲ್ಲೂ ಕಲಾಪ ಅದೇ ರಾತ್ರಿ ಮತ್ತೆ ನಡೆಯಿತು. ಸಭೆ ನಡೆಸಲು ಕುರ್ಚಿ, ಮೈಕು ಸಾಕು. ಕಂಪ್ಯೂಟರ್‌ಗಳು ಕಾಯಲಿ.

ನಮ್ಮ ದೇಶದ ಕಚೇರಿಗಳಿಗೆ ಇನ್ನೊಂದು ನಿಯಮವಿದೆ. ಕಂಪ್ಯೂಟರ್‌ಗೆ ಯಾರೋ ಅಕ್ರಮವಾಗಿ ಕೈ ಹಾಕಿದ್ದು ಗೊತ್ತಾದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ಏಪ್ರಿಲ್‌ನ ನಿರ್ದೇಶನ ಹೇಳುತ್ತದೆ. ಎಲ್ಲ ವಿವರ ಸಿಗಲಿ ಎಂದು ಕಾಯಬೇಡಿ. ಸಿಕ್ಕಷ್ಟನ್ನು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು.