ಬಾಗಿಲಲ್ಲಿ ನಿಂತವರ ಚರಿತ್ರೆ: ಅಮೆರಿಕದ ಚರ್ಚ್ ಅಷರ್‌ಗಳ ರಾಷ್ಟ್ರೀಯ ಸಂಘದ ಇತಿಹಾಸವನ್ನು ಬರೆಯುವ ಬಗೆ

ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಎದುರುಗೊಳ್ಳುವ, ಆಸನ ತೋರಿಸುವ, ಕಾಣಿಕೆ ತಟ್ಟೆಯನ್ನು ಸಾಲಿನಿಂದ ಸಾಲಿಗೆ ದಾಟಿಸುವ, ಆರಾಧನೆಯ ನಡುವೆ ಯಾರಾದರೂ ತಲೆಸುತ್ತಿ ಕುಸಿದರೆ ಬೀಸಣಿಗೆ ಹಿಡಿದು ಧಾವಿಸುವ ಸೇವಕರನ್ನು ಅಮೆರಿಕದಲ್ಲಿ ಅಷರ್‌ಗಳೆಂದು ಕರೆಯುತ್ತಾರೆ. ಕಪ್ಪು ಜನರ ಸಭೆಗಳಲ್ಲಿ ಇವರದೇ ಮಂಡಳಿಗಳಿವೆ. ಅಂಥ ಮಂಡಳಿಗಳನ್ನು ಪಂಗಡಭೇದವಿಲ್ಲದೆ ಒಂದುಗೂಡಿಸಲು 1919ರಲ್ಲಿ ಫಿಲಡೆಲ್ಫಿಯಾದಲ್ಲಿ ಎಲೈಜಾ ಹ್ಯಾಮಿಲ್ಟನ್ ಅವರ ಮುಂದಾಳತ್ವದಲ್ಲಿ ನ್ಯಾಷನಲ್ ಯುನೈಟೆಡ್ ಚರ್ಚ್ ಅಷರ್ಸ್ ಅಸೋಸಿಯೇಷನ್ ಆಫ್ ಅಮೆರಿಕ ಎಂಬ ಸಂಘ ಹುಟ್ಟಿತು. ಅದರ ಚರಿತ್ರೆಯನ್ನೋ ಅದಕ್ಕೆ ಸೇರಿದ ಒಂದು ಊರಿನ ಮಂಡಳಿಯ ಚರಿತ್ರೆಯನ್ನೋ ಬರೆಯಲು ಹೊರಟವರಿಗಾಗಿ ಈ ಬರಹ.

ಮೊದಲು ಎಲ್ಲಿಂದ ಆರಂಭಿಸಬೇಕೆಂದು ತೀರ್ಮಾನಿಸಿ. ಬೈಬಲಿನ ‘ಕೀರ್ತನೆಗಳು’ 84:10ರಲ್ಲಿ ಬರುವ ದೇವಾಲಯದ ಹೊಸ್ತಿಲ ಮಾತನ್ನೋ, ಒಂದನೆಯ ಪೂರ್ವಕಾಲವೃತ್ತಾಂತ ಎಣಿಸಿ ಹೇಳುವ 212 ದ್ವಾರಪಾಲಕರನ್ನೋ ಮುಂದಿಟ್ಟು, ಅಲ್ಲಿಂದ ಇಪ್ಪತ್ತನೆಯ ಶತಮಾನಕ್ಕೆ ಜಿಗಿಯುವುದು ಸುಲಭ. ಸೇವೆ ಮಾಡಿದವರಿಗೆ ಆ ವಚನಗಳು ಆಧಾರವಾಗಿದ್ದವು ಎಂಬುದನ್ನು ದಾಖಲಿಸಿ. ಆದರೆ ಸಂಘ ಹುಟ್ಟಿದ ಕಾರಣವನ್ನು ಅವುಗಳಲ್ಲಿ ಹುಡುಕಬೇಡಿ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನ ಬಾಗಿಲಿನಿಂದ ಆರಂಭಿಸುವುದು ಹೆಚ್ಚು ಸರಿಯೆಂದು ನನ್ನ ನಂಬಿಕೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿಗೆ ಪ್ರಾರ್ಥನೆಗೆ ಬಂದ ಕಪ್ಪು ಭಕ್ತರನ್ನು ಬಾಗಿಲಲ್ಲಿದ್ದ ಚರ್ಚಿನ ನೌಕರ ಮೇಲಿನ ಗ್ಯಾಲರಿಗೆ ಕಳುಹಿಸಿದನೆಂದೂ, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಆಬ್ಸಲಂ ಜೋನ್ಸ್ ಅವರನ್ನು ಹಿಡಿದೆಳೆದು ಎಬ್ಬಿಸಲಾಯಿತೆಂದೂ ಅವರ ಜೊತೆಗಿದ್ದ ಕಪ್ಪು ಬೋಧಕ ರಿಚರ್ಡ್ ಆಲೆನ್ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಅವರೆಲ್ಲರೂ ಹೊರನಡೆದರು, 1794ರಲ್ಲಿ ಅದೇ ನಗರದಲ್ಲಿ ಅವರ ಸ್ವಂತ ಚರ್ಚುಗಳು ತೆರೆದವು. ಯಾರು ಎಲ್ಲಿ ಕೂರಬೇಕೆಂದು ಬಾಗಿಲಲ್ಲಿ ಹೇಳುವ ಅಧಿಕಾರದಿಂದ ನೊಂದ ಜನ, ಅದೇ ಸ್ಥಾನದಲ್ಲಿ ತಮ್ಮವರನ್ನು ನಿಲ್ಲಿಸಿ ಅದನ್ನು ಗೌರವದ ಸೇವೆಯಾಗಿ ಕಟ್ಟಿಕೊಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಬಿಳಿ ಕೈಗವಸು, ಸಮವಸ್ತ್ರ, ಬ್ಯಾಡ್ಜುಗಳ ಬಗ್ಗೆ ಅವರಿಗಿದ್ದ ನಿಷ್ಠೆ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ.

ನಂತರ 1919ರ ಸುತ್ತಮುತ್ತಲ ಕಾಲವನ್ನು ಓದಿಕೊಳ್ಳಿ. ದಕ್ಷಿಣದ ರಾಜ್ಯಗಳಿಂದ ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ವಲಸೆ ಬರುತ್ತಿದ್ದ ದಿನಗಳವು. ಅದೇ ವರ್ಷದ ಬೇಸಿಗೆಯಲ್ಲಿ ಹಲವು ನಗರಗಳಲ್ಲಿ ಜನಾಂಗೀಯ ಹಿಂಸಾಚಾರ ನಡೆದು, ಚಿಕಾಗೋ ಒಂದರಲ್ಲೇ 38 ಮಂದಿ ಸತ್ತರು. ಸಂಘ ಹುಟ್ಟಿದ್ದು ಈ ಹಿಂಸೆಯಿಂದಲೇ ಎಂದು ಮಾತ್ರ ಬರೆಯಬೇಡಿ. ಹಾಗೆ ಹೇಳಲು ಸ್ಥಾಪಕರ ಮಾತೋ ನಡಾವಳಿಯೋ ನಿಮ್ಮ ಕೈಯಲ್ಲಿರಬೇಕು. ಸ್ಥಾಪನೆಯ ವರ್ಷ ಮತ್ತು ಕಾನೂನು ಪ್ರಕಾರ ನೋಂದಣಿಯಾದ ವರ್ಷ ಬೇರೆಬೇರೆಯಾಗಿರಬಹುದಾದ್ದರಿಂದ ಎರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ.

ಆಕರಗಳ ವಿಷಯಕ್ಕೆ ಬಂದರೆ, ನಡಾವಳಿ ಪುಸ್ತಕಗಳಲ್ಲಿ ಪದಾಧಿಕಾರಿಗಳ ಹೆಸರು ಸಿಗುತ್ತದೆ, ಸಾಮಾನ್ಯ ಸೇವಕರ ಬದುಕು ಸಿಗುವುದು ಕಡಿಮೆ. ಆ ಕೊರತೆಯನ್ನು ತುಂಬುವುದು ವಾರ್ಷಿಕೋತ್ಸವದ ಕಾರ್ಯಕ್ರಮ ಪತ್ರಿಕೆಗಳು. ಭೇಟಿಯಿತ್ತ ಮಂಡಳಿಗಳು, ಹಾಡಿದ ಗಾಯಕವೃಂದ, ಜಾಹೀರಾತು ಕೊಟ್ಟ ಅಂಗಡಿಗಳು ಮತ್ತು ಶವಸಂಸ್ಕಾರದ ಸಂಸ್ಥೆಗಳು, ಹೀಗೆ ಒಂದು ಸಮುದಾಯವೇ ಆ ನಾಲ್ಕಾರು ಪುಟಗಳಲ್ಲಿರುತ್ತದೆ. ಅವು ಹೆಚ್ಚಾಗಿ ಮನೆಗಳ ಪೆಟ್ಟಿಗೆಗಳಲ್ಲಿ, ಬೈಬಲಿನ ಹಾಳೆಗಳ ನಡುವೆ ಉಳಿದಿರುತ್ತವೆ. ವಿನಯದಿಂದ ಕೇಳಿ, ಪ್ರತಿ ತೆಗೆದುಕೊಂಡು ಮೂಲವನ್ನು ಅಂದೇ ಹಿಂದಿರುಗಿಸಿ. ಜೊತೆಗೆ 1884ರಲ್ಲಿ ಆರಂಭವಾದ ಫಿಲಡೆಲ್ಫಿಯಾ ಟ್ರಿಬ್ಯೂನ್, 1905ರ ಚಿಕಾಗೋ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳ ಚರ್ಚ್ ಸುದ್ದಿಯ ಅಂಕಣಗಳನ್ನು ನೋಡಿ. ಕಪ್ಪು ಜನರ ಚರಿತ್ರೆಯ ದಾಖಲೆಗಳನ್ನು ಕಾಪಾಡುವ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಬ್ಲಾಕ್ಸನ್ ಸಂಗ್ರಹ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಶಾಂಬರ್ಗ್ ಕೇಂದ್ರ, ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದ ಮೂರ್ಲಂಡ್–ಸ್ಪಿಂಗಾರ್ನ್ ಕೇಂದ್ರಗಳಿಗೂ ಪತ್ರ ಬರೆದು ವಿಚಾರಿಸಿ.

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಹಿರಿಯ ಅಷರ್‌ಗಳೊಡನೆ ಕಳೆಯಿರಿ. ವಾರವಿಡೀ ಬೇರೆಯವರ ಮನೆಗೆಲಸ ಮಾಡಿಯೋ ಸಾಮಾನು ಹೊತ್ತೋ ದುಡಿದು, ಅಲ್ಲಿ ಬರಿಯ ಹೆಸರಿನಿಂದ ಕರೆಸಿಕೊಂಡವರು ಭಾನುವಾರ ಸಭೆಯಲ್ಲಿ ಜವಾಬ್ದಾರಿಯ ಸ್ಥಾನದಲ್ಲಿ ನಿಲ್ಲುತ್ತಿದ್ದರು. ಆ ಅನುಭವ ಕಾಗದದಲ್ಲಿ ಉಳಿದಿರುವುದು ಬಹಳ ಕಡಿಮೆ. ‘ನಿಮ್ಮ ಸಂಘದ ಮಹತ್ವವೇನು’ ಎಂದು ಕೇಳುವುದಕ್ಕಿಂತ, ‘ಮೊದಲ ದಿನ ನಿಮ್ಮನ್ನು ಯಾವ ಬಾಗಿಲಲ್ಲಿ ನಿಲ್ಲಿಸಿದರು, ಕಲಿಸಿದವರು ಯಾರು, ಸಮವಸ್ತ್ರ ಹೊಲಿದವರು ಯಾರು’ ಎಂದು ಕೇಳಿದರೆ ನೆನಪುಗಳು ತಾವಾಗಿ ಬರುತ್ತವೆ. ಮಹಿಳಾ ಅಷರ್‌ಗಳನ್ನು ಪ್ರತ್ಯೇಕವಾಗಿ ಮಾತಾಡಿಸಿ, ಏಕೆಂದರೆ ಗುಂಪಿನಲ್ಲಿ ಕೇಳಿದಾಗ ಮಾತು ಪದಾಧಿಕಾರಿಗಳ ಕಡೆಗೇ ಹರಿಯುತ್ತದೆ.

ಸಂಘವು ಅಷರ್‌ಗಳ ತರಬೇತಿಯನ್ನು ಶಾಲೆಯ ಶಿಸ್ತಿನಿಂದ ನಡೆಸಿತು; ಅದರಲ್ಲಿ ಕೈಸನ್ನೆಗಳು ಮುಖ್ಯವಾದವು. ಆರಾಧನೆಗೆ ಭಂಗವಾಗದಂತೆ, ಎಡಗೈಯನ್ನು ಬೆನ್ನ ಹಿಂದೆ ಸೊಂಟದ ಮಟ್ಟಕ್ಕೆ ಮಡಚಿ ನಿಂತು, ಬಲಗೈಯಿಂದಲೇ ಎಷ್ಟು ಆಸನ ಖಾಲಿಯಿದೆ, ಯಾವ ಸಾಲಿಗೆ ಕಳುಹಿಸಬೇಕು ಎಂಬುದನ್ನು ದೂರದಿಂದ ತಿಳಿಸುವ ಆ ಕ್ರಮವನ್ನು ಮಾತಿನಲ್ಲಿ ವರ್ಣಿಸಿದರೆ ಸಾಲದು. ಒಬ್ಬೊಬ್ಬರೂ ಪ್ರತಿ ಸನ್ನೆಯನ್ನು ನಿಧಾನವಾಗಿ ಎರಡು ಬಾರಿ ಮಾಡಿ ತೋರಿಸುವುದನ್ನು ವಿಡಿಯೊದಲ್ಲಿ ಚಿತ್ರೀಕರಿಸಿ, ಅವರು ಅದನ್ನು ಕಲಿತ ಚರ್ಚು ಮತ್ತು ವರ್ಷವನ್ನು ಅವರ ಬಾಯಿಂದಲೇ ಹೇಳಿಸಿ. ಒಂದೇ ಸನ್ನೆಗೆ ಎರಡು ಊರುಗಳಲ್ಲಿ ಎರಡು ಅರ್ಥ ಸಿಕ್ಕರೆ ಒಂದನ್ನು ತಪ್ಪೆಂದು ಕೈಬಿಡದೆ, ಎರಡನ್ನೂ ಊರಿನ ಹೆಸರಿನೊಡನೆ ಬರೆದಿಡಿ.